ಕೆಲಸದ ಜಾಗದ ಖಿನ್ನತೆ: ಮಾಲೀಕರು ಯಾರ ನೆರವು ಪಡೆಯಬಹುದು?

ಬೇಸರ, ನಿದ್ರಾಹೀನತೆ, ನಿರಾಸಕ್ತಿ ಎರಡು ವಾರ ಬಿಡದೆ ಕಾಡಿದರೆ ಅದು ಖಿನ್ನತೆಯಿರಬಹುದು; ಸೋಮಾರಿತನವಲ್ಲ. ಹೊಲಿಗೆ ಯಂತ್ರದ ಮುಂದೆ ಕೈ ನಿಧಾನವಾಗುವುದು, ಊಟದ ಡಬ್ಬಿ ತೆರೆಯದೆ ಉಳಿಯುವುದು ಗಾರ್ಮೆಂಟ್ಸ್ ಮೇಲ್ವಿಚಾರಕರ ಕಣ್ಣಿಗೆ ಬೀಳಬಹುದಾದ ಸುಳಿವುಗಳು. ರೋಗನಿರ್ಣಯ ಮಾತ್ರ ವೈದ್ಯರ ಕೆಲಸ.

ಸ್ವಂತ ಆಪ್ತಸಮಾಲೋಚಕರಿಲ್ಲದ ಕಾರ್ಖಾನೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸಿ ಅರಿವು ಶಿಬಿರಕ್ಕೆ ನೆರವು ಕೋರಬಹುದು. ಕಾರ್ಮಿಕ ಸಂಘವೂ ಜೊತೆಗಿದ್ದರೆ ನಂಬಿಕೆ ಹೆಚ್ಚುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆ ಊಟದ ಕೋಣೆಯ ಗೋಡೆಯ ಮೇಲಿರಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆಯ ಗೋಪ್ಯತೆ ರೋಗಿಯ ಹಕ್ಕು. ಆಸ್ಪತ್ರೆಗೆ ಹೋಗಲು ರಜೆ, ಚೇತರಿಕೆಯವರೆಗೆ ಹಗುರವಾದ ಕೆಲಸ, ಬೈಗುಳವಿಲ್ಲದ ವಾತಾವರಣ ಇವನ್ನು ಹೊರಗಿನ ಯಾವ ಸಂಸ್ಥೆಯೂ ಕೊಡಲಾರದು; ಮಾಲೀಕರೇ ಕೊಡಬೇಕು.