ಬಿಡುಗಡೆ ಯಾರಿಗೆ? ನಜರೇತಿನ ವಾಚನದಿಂದ ನಾವು ಕಲಿತ ಪಾಠ



ಬಿಡುಗಡೆ ಎಂಬ ಮಾತು ನಮ್ಮ ಪ್ರಾರ್ಥನೆಗಳಲ್ಲಿ ಎಷ್ಟೋ ಸಲ ಬರುತ್ತದೆ. ಪಾಪದಿಂದ ಬಿಡುಗಡೆ, ಭಯದಿಂದ ಬಿಡುಗಡೆ, ಕೇಡಿನಿಂದ ಬಿಡುಗಡೆ. ಬಾಯಿಪಾಠವಾಗಿ ಹೋಗಿರುವುದರಿಂದ ಈ ಮಾತಿನ ತೂಕವೇನು ಎಂದು ನಾವು ನಿಂತು ನೋಡುವುದು ಕಡಿಮೆ. ಯಾರಿಂದ ಬಿಡುಗಡೆ? ಯಾರಿಗೆ ಬಿಡುಗಡೆ? ಬಿಡುಗಡೆ ಮಾಡಬೇಕಾದವರು ಯಾರು? ಈ ಸಲದ ಅಧ್ಯಯನ ಪಾಠದಲ್ಲಿ ಇದೇ ಪ್ರಶ್ನೆಗಳನ್ನು ಪವಿತ್ರ ಬೈಬಲಿನ ಒಂದು ಭಾಗದ ಮುಂದಿಟ್ಟು ನೋಡೋಣ. ಲೂಕನ ಶುಭಸಂದೇಶದ 4ನೇ ಅಧ್ಯಾಯ, 16ರಿಂದ 30ನೇ ವಚನಗಳು. ದಯವಿಟ್ಟು ಮೊದಲು ಬೈಬಲನ್ನು ತೆರೆದು ಆ ಭಾಗವನ್ನು ನಿಧಾನವಾಗಿ ಓದಿ, ಆಮೇಲೆ ಮುಂದಕ್ಕೆ ಬನ್ನಿ.

1. ನಜರೇತಿನಲ್ಲಿ ನಡೆದದ್ದು

ಯೇಸುಸ್ವಾಮಿ ತಾವು ಬೆಳೆದ ಊರಿಗೆ ಬರುತ್ತಾರೆ. ಸಬ್ಬತ್ ದಿನ ವಾಡಿಕೆಯಂತೆ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾರೆ. ಓದಲು ಎದ್ದು ನಿಂತಾಗ ಅವರ ಕೈಗೆ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಕೊಡುತ್ತಾರೆ. ಬಡವರಿಗೆ ಶುಭಸಂದೇಶ, ಸೆರೆಯಲ್ಲಿರುವವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ, ತುಳಿತಕ್ಕೆ ಸಿಕ್ಕವರಿಗೆ ಸ್ವಾತಂತ್ರ್ಯ, ದೇವರ ಕೃಪೆಯ ವರ್ಷದ ಘೋಷಣೆ – ಇಷ್ಟನ್ನು ಓದಿ, ಸುರುಳಿ ಸುತ್ತಿ ಹಿಂದಕ್ಕೆ ಕೊಟ್ಟು, ಬೋಧಿಸಲು ಕುಳಿತುಕೊಳ್ಳುತ್ತಾರೆ. ಎಲ್ಲರ ಕಣ್ಣೂ ಅವರ ಮೇಲೆಯೇ. ಆಗ ಅವರು ಹೇಳಿದ್ದು ಒಂದೇ ಮಾತು: ಈ ವಾಕ್ಯ ಈ ದಿನವೇ ನೆರವೇರಿತು ಎಂದು.

ಈ ವಾಚನವನ್ನು ನಾವು ಪೂಜೆಯಲ್ಲಿ ಕೇಳಿರುತ್ತೇವೆ. ಮೂರು ವರ್ಷಕ್ಕೊಮ್ಮೆ ಸಾಧಾರಣ ಕಾಲದ ಮೂರನೇ ಭಾನುವಾರ ಇದು ಬರುತ್ತದೆ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು ಗುರುಗಳೊಡನೆ ಸೇರಿ ತೈಲಗಳನ್ನು ಪವಿತ್ರೀಕರಿಸುವ ಬಲಿಪೂಜೆಯಲ್ಲೂ ಇದೇ ಶುಭಸಂದೇಶ. ಆದರೆ ಎರಡು ಕಡೆಯೂ ವಾಚನ 21ನೇ ವಚನಕ್ಕೆ ನಿಲ್ಲುತ್ತದೆ. ಮುಂದೆ ನಡೆದದ್ದನ್ನು ನಾವು ಅಷ್ಟಾಗಿ ಗಮನಿಸಿರುವುದಿಲ್ಲ. ಊರಿನವರು ಮೊದಲು ಮೆಚ್ಚಿಕೊಂಡರು. ಆದರೆ ಯೇಸುಸ್ವಾಮಿ ಪ್ರವಾದಿ ಎಲೀಯನ ಕಾಲದ ಸಿದೋನ್ ಸೀಮೆಯ ವಿಧವೆಯನ್ನೂ ಪ್ರವಾದಿ ಎಲೀಷನ ಕಾಲದ ಸಿರಿಯಾದ ನಾಮಾನನನ್ನೂ ನೆನಪಿಸಿದರು. ಇಬ್ಬರೂ ಹೊರಗಿನವರು. ದೇವರ ಕೃಪೆ ಅವರ ಮನೆಬಾಗಿಲಿಗೂ ಹೋಯಿತು ಅಂದದ್ದೇ ತಡ, ಮೆಚ್ಚಿದವರೇ ರೊಚ್ಚಿಗೆದ್ದು ಅವರನ್ನು ಗುಡ್ಡದಂಚಿಗೆ ತಳ್ಳಿಕೊಂಡು ಹೋದರು.

ನೋಡಿ, ನಮಗೆ ಬಿಡುಗಡೆ ಅಂದಾಗ ಎಲ್ಲರಿಗೂ ಸಂತೋಷ. ನಾವು ದೂರ ಇಟ್ಟವರಿಗೂ ಬಿಡುಗಡೆ ಅಂದಾಗ ಸಿಟ್ಟು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

2. ಆ ಮಾತಿನ ಬೇರು ಎಲ್ಲಿದೆ?

ಯೇಸುಸ್ವಾಮಿ ಓದಿದ ಭಾಗ ಯೆಶಾಯನ 61ನೇ ಅಧ್ಯಾಯದ ಆರಂಭ. ಪುಟ ತಿರುವಿ ಹೋಲಿಸಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಒಂದು, ಅಲ್ಲಿ ಕೃಪೆಯ ವರ್ಷದ ಬೆನ್ನಿಗೇ ದೇವರು ಮುಯ್ಯಿ ತೀರಿಸುವ ದಿನದ ಮಾತಿದೆ. ಲೂಕನು ಬರೆದಿರುವ ವಾಚನ ಅದಕ್ಕೆ ಮುಂಚೆಯೇ ನಿಲ್ಲುತ್ತದೆ. ಎರಡು, ತುಳಿತಕ್ಕೆ ಸಿಕ್ಕವರನ್ನು ಬಿಡಿಸುವ ಮಾತು 61ನೇ ಅಧ್ಯಾಯದ್ದಲ್ಲ, 58ನೇ ಅಧ್ಯಾಯದ್ದು. ಅಲ್ಲಿ ವಿಷಯ ಉಪವಾಸ. ಜನ ಉಪವಾಸ ಮಾಡಿ, ದೇವರು ನೋಡಲೇ ಇಲ್ಲವಲ್ಲ ಎಂದು ದೂರುತ್ತಾರೆ. ಉಪವಾಸದ ದಿನವೂ ಆಳುಗಳನ್ನು ಹಿಂಡುತ್ತೀರಲ್ಲ ಎಂದು ದೇವರು ಕೇಳುತ್ತಾರೆ. ದೇವರಿಗೆ ಬೇಕಾದ ಉಪವಾಸ ಅಂದರೆ ಕಟ್ಟಿದ ಗಂಟು ಬಿಚ್ಚುವುದು, ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದು.

ಇನ್ನು ಕೃಪೆಯ ವರ್ಷ. ಅದರ ಹಿಂದೆ ಯಾಜಕಕಾಂಡದ 25ನೇ ಅಧ್ಯಾಯವಿದೆ ಎಂದು ಬೈಬಲ್ ಪಂಡಿತರು ತೋರಿಸುತ್ತಾರೆ. 50ನೇ ವರ್ಷ, ಪ್ರಾಯಶ್ಚಿತ್ತದ ದಿನ, ನಾಡಿನಲ್ಲೆಲ್ಲ ಕೊಂಬು ಊದಬೇಕು. ಕಷ್ಟಕ್ಕೆ ಸಿಕ್ಕಿ ಜಮೀನು ಮಾರಿದವನಿಗೆ ಜಮೀನು ವಾಪಸ್ಸು. ಬಡತನದಿಂದ ತನ್ನನ್ನೇ ಮಾರಿಕೊಂಡವನು ತನ್ನ ಮಕ್ಕಳೊಡನೆ ಮನೆಗೆ ವಾಪಸ್ಸು. ಭೂಮಿ ದೇವರದು, ಜನರೂ ದೇವರ ಸೇವಕರು, ಆದ್ದರಿಂದ ಯಾರೂ ಯಾರನ್ನೂ ಶಾಶ್ವತವಾಗಿ ಕಟ್ಟಿಹಾಕುವಂತಿಲ್ಲ – ಇದು ಆ ಕಾನೂನಿನ ತಿರುಳು. ಜೂಬಿಲಿ ಎಂಬ ಹೆಸರು ಟಗರಿನ ಕೊಂಬಿಗಿರುವ ಹೀಬ್ರೂ ಪದದಿಂದ ಬಂದದ್ದು. ಧರ್ಮಸಭೆ 2000ದಲ್ಲೂ 2025ರಲ್ಲೂ ಜೂಬಿಲಿ ವರ್ಷ ಆಚರಿಸಿದ್ದು ಈ ನೆನಪಿನಲ್ಲೇ.

3. ಒಂದೇ ಪದ, ಎರಡು ಕೆಲಸ

ಲೂಕನು ಗ್ರೀಕ್ ಭಾಷೆಯಲ್ಲಿ ಬರೆದನು. ಸೆರೆಯವರಿಗೆ ಬಿಡುಗಡೆ ಎನ್ನುವಲ್ಲಿ ಅವನು ಬಳಸಿದ ಪದ ‘ಆಫೆಸಿಸ್’. ಅದೇ ಲೂಕನು ತನ್ನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪಾಪಗಳ ಕ್ಷಮೆ ಎಲ್ಲಾ ಜನಾಂಗಗಳಿಗೂ ಸಾರಲ್ಪಡಬೇಕು ಎನ್ನುವಾಗಲೂ ಇದೇ ಪದ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಜೂಬಿಲಿ ವರ್ಷಕ್ಕೂ ಏಳನೇ ವರ್ಷದ ಸಾಲಮನ್ನಾಕ್ಕೂ ಇದೇ ಪದ. ಅಂದರೆ ಪಾಪಕ್ಷಮೆ, ಸೆರೆಬಿಡುಗಡೆ, ಸಾಲಮನ್ನಾ – ನಾವು ಮೂರು ಪೆಟ್ಟಿಗೆಯಲ್ಲಿ ಬೇರೆ ಬೇರೆ ಇಟ್ಟಿರುವುದನ್ನು ಪವಿತ್ರ ಗ್ರಂಥ ಒಂದೇ ಪದದಲ್ಲಿ ಹಿಡಿದಿಟ್ಟಿದೆ.

ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ನಾವು ತಪ್ಪು ಎನ್ನುವ ಕಡೆ ಗ್ರೀಕ್ ಮೂಲದಲ್ಲಿರುವುದು ಸಾಲ ಎಂಬ ಪದ. ಅದೇ ಮತ್ತಾಯನ 18ನೇ ಅಧ್ಯಾಯದ ಸಾಮತಿಯಲ್ಲಿ ರಾಜನು ಒಬ್ಬ ಸೇವಕನ ಹತ್ತು ಸಾವಿರ ತಲೆಂತುಗಳ ಸಾಲ ಮನ್ನಾ ಮಾಡುತ್ತಾನೆ. ಒಂದು ದೆನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲೆಂತಿಗೆ ಸುಮಾರು ಆರು ಸಾವಿರ ದೆನಾರಿ. ಲೆಕ್ಕ ಹಾಕಿದರೆ ಆರು ಕೋಟಿ ದಿನದ ಕೂಲಿ! ಇಷ್ಟನ್ನು ಮಾಫಿ ಮಾಡಿಸಿಕೊಂಡು ಹೊರಬಂದವನು ತನಗೆ ನೂರು ದಿನದ ಕೂಲಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸುತ್ತಾನೆ. ತನಗೆ ಸಿಕ್ಕ ಬಿಡುಗಡೆಯನ್ನು ಅವನು ಹೊಸಿಲು ದಾಟುವುದರೊಳಗೆ ಮರೆತ.

4. ನಮ್ಮ ಸಂಘದ ಸಭೆಯಲ್ಲಿ

ಈಗ ನಮ್ಮದೇ ಒಂದು ಅನುಭವ ಹೇಳುತ್ತೇವೆ. ಇದರಲ್ಲಿ ನಮ್ಮ ತಪ್ಪೂ ಇದೆ, ಆದ್ದರಿಂದಲೇ ಹೇಳಬೇಕು.

ಒಂದು ಹಳ್ಳಿಯ ಮಹಿಳಾ ಸಂಘದಲ್ಲಿ ಒಬ್ಬ ಸಹೋದರಿ ಒಳಸಾಲ ಪಡೆದಿದ್ದರು. ಏಳು ಕಂತು ಸುಸ್ತಿಯಾಯಿತು. ಮೊದಲು ವಾರದ ಸಭೆಗೆ ಬರುವುದು ನಿಲ್ಲಿಸಿದರು, ಆಮೇಲೆ ಭಾನುವಾರದ ಪೂಜೆಗೂ ಬರಲಿಲ್ಲ. ಸಂಘದವರೆಲ್ಲ ಅದೇ ದೇವಾಲಯದ ಬೆಂಚುಗಳಲ್ಲಿ ಕೂರುವವರು ತಾನೇ. ನಮ್ಮ ಕಾರ್ಯಕರ್ತರು ಏನು ಮಾಡಿದರು? ಸುಸ್ತಿದಾರರ ಹೆಸರನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಿ ಎಂದು ಹೇಳಿಕೊಟ್ಟರು. ವಸೂಲಿ ಪಟ್ಟಿ ಚೆನ್ನಾಗಿ ಕಾಣಬೇಕಿತ್ತು ನಮಗೆ.

ತಪಸ್ಸುಕಾಲದ ಒಂದು ಸಂಜೆ ಅದೇ ಸಭೆಯಲ್ಲಿ ನಜರೇತಿನ ವಾಚನವನ್ನು ಓದಿದೆವು. ಸಿಸ್ಟರ್ ಒಂದು ಪ್ರಶ್ನೆ ಕೇಳಿದರು: “ಈ ಊರಲ್ಲಿ ಸೆರೆಯಲ್ಲಿರೋರು ಯಾರು?” ಕುಡುಕರು ಅಂದರು ಒಬ್ಬರು. ಮಾಟ ಮಂತ್ರಕ್ಕೆ ಹೆದರೋರು ಅಂದರು ಇನ್ನೊಬ್ಬರು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಸ್ಟರ್, ಅವಳು ಮನೆ ಬಾಗ್ಲು ಹಾಕ್ಕೊಂಡು ಒಳಗೆ ಕೂತವಳಲ್ಲ, ಅದು ಸೆರೆ ಅಲ್ವಾ? ಬೀಗ ಹಾಕಿದೋರು ನಾವೇ ಅಲ್ವಾ?” ಅಂದರು. ಯಾರೂ ಮಾತಾಡಲಿಲ್ಲ.

ಆಮೇಲೆ ಮಾತು ಬಂತು, ಜೋರಾಗಿಯೇ ಬಂತು. “ಅದು ನಮ್ಮ ದುಡ್ಡು ಅಕ್ಕ, ಕೂಲಿ ಮಾಡಿ ಉಳಿಸಿದ್ದು. ಬಿಟ್ಟುಬಿಡೋಕೆ ನಾವೇನು ಸಾಹುಕಾರರಾ?” ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಬಡವರ ಉಳಿತಾಯವನ್ನು ಬಿಟ್ಟುಕೊಡಿ ಎಂದು ಬಡವರಿಗೇ ಉಪದೇಶ ಮಾಡುವುದು ಸುಲಭ. ಅದು ಶುಭಸಂದೇಶವಲ್ಲ. ಕೊನೆಗೆ ಮೂವರು ಆ ಮನೆಗೆ ಹೋದರು, ವಸೂಲಿಗಲ್ಲ, ವಿಚಾರಿಸಲು. ಗಂಡನ ಆಸ್ಪತ್ರೆ ಖರ್ಚಿಗೆ ಹೊರಗಡೆ ಇನ್ನೂ ಎರಡು ಕಡೆ ಸಾಲವಾಗಿತ್ತು. ಸಂಘಕ್ಕೆ ಕಟ್ಟಬೇಕಾದ ಹಣ ಅಲ್ಲಿನ ಬಡ್ಡಿಗೆ ಹೋಗುತ್ತಿತ್ತು. ಅಷ್ಟು ದಿನ ಇದನ್ನು ಕೇಳಿದವರೇ ಇರಲಿಲ್ಲ.

ಮುಂದಿನ ಸಭೆಯಲ್ಲಿ ನಡವಳಿ ಪುಸ್ತಕದಲ್ಲಿ ಹೀಗೆ ಬರೆದರು: ಬಾಕಿ ಬಡ್ಡಿ ಮಾಫಿ, ಅಸಲು ಸಣ್ಣ ಕಂತುಗಳಲ್ಲಿ, ಹೆಸರು ಓದುವ ಪದ್ಧತಿ ರದ್ದು. ಆ ಸಹೋದರಿ ಮೂರು ವಾರ ಬಿಟ್ಟು ಬಂದರು, ಬಾಗಿಲ ಹತ್ತಿರ ಕೂತರು. ಅಜ್ಜಿ ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಅವರ ಕಷ್ಟವೆಲ್ಲ ಕಳೆಯಿತು ಎಂದು ನಾವು ಹೇಳುವುದಿಲ್ಲ. ಹೊರಗಿನ ಸಾಲ ಇನ್ನೂ ಇತ್ತು. ಆದರೆ ಅವರು ಒಬ್ಬಂಟಿಯಾಗಿರಲಿಲ್ಲ. ಆ ದಿನ ಬಿಡುಗಡೆಯಾದವರು ಅವರೊಬ್ಬರೇ ಅಲ್ಲ, ಸಂಘದವರೂ ನಾವೂ ಸಹ.

5. ಒಳಗಿನ ಬಿಡುಗಡೆ, ಹೊರಗಿನ ಬಿಡುಗಡೆ

ಆಧ್ಯಾತ್ಮಿಕ ಸ್ವಾತಂತ್ರ್ಯ ಬೇರೆ, ಸಮಾಜ ಸೇವೆ ಬೇರೆ ಎಂದು ಕೆಲವರು ಹೇಳುವುದುಂಟು. ಮೇಲಿನ ಅನುಭವದಲ್ಲಿ ಎರಡನ್ನೂ ಬೇರೆ ಮಾಡಲು ಆಗುತ್ತದೆಯೇ? ಹೊರಗಿನ ಬಿಡುಗಡೆಗೆ ಕಾನೂನು ಬೇಕೇ ಬೇಕು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಜೀತದಾಳುಗಳನ್ನು ಬಿಡಿಸಿದ್ದಷ್ಟೇ ಅಲ್ಲ, ಅವರನ್ನು ಕಟ್ಟಿಹಾಕಿದ್ದ ಸಾಲವನ್ನೂ ರದ್ದು ಮಾಡಿತು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಇವನ್ನು ಸಂಘದ ಪ್ರತಿಯೊಬ್ಬರೂ ತಿಳಿದಿರಬೇಕು.

ಆದರೆ ಕಾನೂನು ಸರಪಳಿ ಕತ್ತರಿಸಬಲ್ಲದು, ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಡಲಾರದು. ಅದಕ್ಕೆ ಮನಸ್ಸು ಬಿಡುಗಡೆಯಾಗಬೇಕು. ಸಂತ ಪೌಲರು ಗಲಾತ್ಯದ ಕ್ರೈಸ್ತರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಕ್ರಿಸ್ತರು ನಮ್ಮನ್ನು ಸ್ವತಂತ್ರರನ್ನಾಗಿ ಮಾಡಿದ್ದಾರೆ, ಮತ್ತೆ ನೊಗಕ್ಕೆ ಕುತ್ತಿಗೆ ಕೊಡಬೇಡಿ ಎನ್ನುತ್ತಾರೆ. ಆ ಸ್ವಾತಂತ್ರ್ಯ ಮನಸ್ಸು ಬಂದಂತೆ ನಡೆಯಲಿಕ್ಕಲ್ಲ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಲಿಕ್ಕೆ ಎಂದೂ ಅಲ್ಲೇ ಹೇಳುತ್ತಾರೆ. ಸೇವೆ ಮಾಡದ ಸ್ವಾತಂತ್ರ್ಯ ಇನ್ನೊಬ್ಬರಿಗೆ ನೊಗವಾಗುತ್ತದೆ.

6. ಜೊತೆಯಾಗಿ ಓದೋಣ

ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಅರ್ಥವಾಗುತ್ತದೆಯೇ ಎಂದು ಫಿಲಿಪ್ಪನು ಕೇಳಿದಾಗ, ಹೇಳಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎನ್ನುತ್ತಾನೆ. ಓದಿಕೊಂಡವನು, ರಾಣಿಯ ಖಜಾನೆ ನೋಡಿಕೊಳ್ಳುವವನು, ಆದರೂ ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ದೇವರ ವಾಕ್ಯ ತೆರೆದುಕೊಳ್ಳುವುದು ಹೀಗೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಕೊಟ್ಟಾಗ. ನಮಗೆ ಆ ದಿನ ಫಿಲಿಪ್ಪನಾದವರು ಮೂಲೆಯಲ್ಲಿದ್ದ ಅಜ್ಜಿ.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಪ್ರಕಟಿಸಿದ ದೈವಿಕ ಪ್ರಕಟಣೆಯ ಕುರಿತ ಸಂವಿಧಾನದಲ್ಲಿ ಪವಿತ್ರ ಗ್ರಂಥ ಎಲ್ಲಾ ವಿಶ್ವಾಸಿಗಳ ಕೈಗೆ ಸುಲಭವಾಗಿ ಸಿಗಬೇಕು ಎಂದು ಕೇಳಿಕೊಂಡಿತು. ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಸಾಧಾರಣ ಕಾಲದ ಮೂರನೇ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು. ಇಷ್ಟಾದರೂ ಬೈಬಲ್ ಶೋಕೇಸಿನಲ್ಲೇ ಇದ್ದರೆ ಪ್ರಯೋಜನವೇನು? ನಿಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಈ ಕ್ರಮ ಅನುಸರಿಸಿ ನೋಡಿ:

ಅ. ಒಬ್ಬರು ಗಟ್ಟಿಯಾಗಿ ಓದಲಿ. ಓದು ಬಾರದವರೂ ಕೇಳಿಸಿಕೊಳ್ಳುವಂತೆ ಎರಡು ಸಲ ಓದಲಿ.
ಆ. ಐದು ನಿಮಿಷ ಮೌನ. ಮನಸ್ಸಿಗೆ ತಾಗಿದ ಒಂದು ಪದವನ್ನು ಪ್ರತಿಯೊಬ್ಬರೂ ಹೇಳಲಿ, ವ್ಯಾಖ್ಯಾನ ಬೇಡ.
ಇ. ಈ ವಾಕ್ಯ ನಮ್ಮ ಊರಲ್ಲಿ ಯಾರ ಕಡೆ ಬೆರಳು ತೋರಿಸುತ್ತದೆ ಎಂದು ಕೇಳಿ. ಮೊದಲ ಬೆರಳು ನಮ್ಮ ಕಡೆಗಿರಲಿ.
ಈ. ಒಂದೇ ಒಂದು ಕೆಲಸ ಗೊತ್ತುಮಾಡಿ. ಮುಂದಿನ ಸಭೆಯಲ್ಲಿ ಅದು ಆಯಿತೇ ಎಂದು ವಿಚಾರಿಸಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘಕ್ಕೆ, ಪೂಜೆಗೆ ಬರುವುದನ್ನು ಬಿಟ್ಟವರು ಯಾರು? ಏಕೆ ಎಂದು ನಾವು ಕೇಳಿದ್ದೇವೆಯೇ?
2. ನಾವು ದೇವರಿಂದ ಪಡೆದ ಯಾವ ಕ್ಷಮೆಯನ್ನು ಇನ್ನೊಬ್ಬರಿಗೆ ಕೊಡಲು ಹಿಂಜರಿಯುತ್ತಿದ್ದೇವೆ?
3. ಸಂಘದ ಹಣ ಉಳಿಯಬೇಕು, ಸದಸ್ಯರ ಮಾನವೂ ಉಳಿಯಬೇಕು. ಇದಕ್ಕೆ ನಮ್ಮ ನಿಯಮಗಳಲ್ಲಿ ಏನನ್ನು ಬದಲಿಸಬಹುದು?

ಪ್ರಾರ್ಥನೆ

ಪ್ರಭುವೇ, ನಿಮ್ಮ ವಾಕ್ಯವನ್ನು ಕೇಳಲು ನಮಗೆ ಕಿವಿ ಕೊಟ್ಟಿದ್ದೀರಿ. ನಾವು ಹಾಕಿದ ಬೀಗಗಳನ್ನು ಕಾಣಲು ಕಣ್ಣನ್ನೂ, ತೆಗೆಯಲು ಕೈಯನ್ನೂ ಕೊಡಿ. ನಮಗೆ ಸಿಕ್ಕ ಬಿಡುಗಡೆ ನಮ್ಮ ಹೊಸಿಲಲ್ಲೇ ನಿಲ್ಲದಿರಲಿ. ಆಮೆನ್.