ಬಸವನಗುಡಿ: ಸ್ಥಳನಾಮ, ಪರಿಷೆ ಮತ್ತು ಬಡಾವಣೆ

ಬೆಂಗಳೂರಿನ ಬಸವನಗುಡಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ನೆಲೆಗಳಿಂದ ಹೊರಡುತ್ತವೆ. ಒಂದು, ಕೆಂಪೇಗೌಡನ ಹೆಸರಿನೊಡನೆ ಬೆಸೆದ ದೇವಾಲಯ. ಇನ್ನೊಂದು, ಸಾಹಿತಿಗಳೂ ಚಿಂತಕರೂ ನೆಲೆಸಿದ ಬಡಾವಣೆ. ಇವೆರಡರ ನಡುವೆ ಇದ್ದ ಬೇಸಾಯದ ಹಳ್ಳಿ ಮರೆಗೆ ಸರಿದಿದೆ. ಅದರ ಕುರುಹುಗಳನ್ನು ಸ್ಥಳನಾಮ ಹಾಗೂ ಕಡಲೆಕಾಯಿ ಪರಿಷೆಯ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಮಾರು 15 ಅಡಿ ಎತ್ತರದ ಏಕಶಿಲಾ ಬಸವನ ಗುಡಿಯೇ ಬಡಾವಣೆಗೆ ಹೆಸರನ್ನು ನೀಡಿದೆ. ಆದರೆ ಗುಡಿ ಇದ್ದ ಊರು ಸುಂಕೇನಹಳ್ಳಿ. ಗುಡಿಯ ಹೆಸರು ಊರಿನ ಹೆಸರನ್ನು ಹಿಂದೆ ಸರಿಸಿತಾದರೂ ಪೂರ್ಣವಾಗಿ ಅಳಿಸಲಿಲ್ಲ. ಮಹಾನಗರ ಪಾಲಿಕೆಯ ವಾರ್ಡೊಂದರ ಹೆಸರಾಗಿಯೂ ಅದು ಬಳಕೆಯಾಯಿತು.

ಸುಗ್ಗಿಯ ಹೊಲಗಳಿಗೆ ನುಗ್ಗಿ ಕಡಲೆಕಾಯಿಯನ್ನು ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ರೈತರು ಮೊದಲ ಬೆಳೆಯನ್ನು ಅರ್ಪಿಸತೊಡಗಿದರೆಂಬುದು ಐತಿಹ್ಯ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಪರಿಷೆಗೆ ಇದೇ ಮೂಲವೆಂದು ಹೇಳಲಾಗುತ್ತದೆ. ಇಲ್ಲಿ ಒಂದು ಅಂಶ ಗಮನಾರ್ಹ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ. ಯುರೋಪಿಯನ್ನರ ಕಡಲ ವ್ಯಾಪಾರ ಆರಂಭವಾದ ನಂತರವೇ ಭಾರತಕ್ಕೆ ಬಂದದ್ದು. ದಕ್ಷಿಣ ಭಾರತದಲ್ಲಿ ಅದು ವ್ಯಾಪಕವಾಗಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಆದ್ದರಿಂದ ಈಗಿನ ರೂಪದ ಐತಿಹ್ಯವನ್ನು 16ನೆಯ ಶತಮಾನದ ಕೆಂಪೇಗೌಡನ ಕಾಲಕ್ಕೆ ಒಯ್ಯುವುದು ಕಷ್ಟ. ಹಳೆಯ ಸುಗ್ಗಿಯ ಆಚರಣೆಯೊಂದಕ್ಕೆ ಹೊಸ ಬೆಳೆ ಸೇರಿಕೊಂಡಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಐತಿಹ್ಯವು ಗುಡಿಯ ಕಾಲವನ್ನು ನಿರ್ಧರಿಸುವ ಆಧಾರವಾಗದಿದ್ದರೂ ಅದನ್ನು ಹೇಳಿದ ರೈತಸಮುದಾಯದ ಬದುಕಿಗೆ ಸಾಕ್ಷಿಯಾಗುತ್ತದೆ.

1898ರಲ್ಲಿ ಬೆಂಗಳೂರಿಗೆ ತಗುಲಿದ ಪ್ಲೇಗು ಈ ಬದುಕಿನ ದಿಕ್ಕನ್ನೇ ಬದಲಿಸಿತು. ಕಿಕ್ಕಿರಿದ ಪೇಟೆಯ ಒತ್ತಡವನ್ನು ತಗ್ಗಿಸಲು ಉತ್ತರದಲ್ಲಿ ಮಲ್ಲೇಶ್ವರವನ್ನೂ ದಕ್ಷಿಣದಲ್ಲಿ ಬಸವನಗುಡಿಯನ್ನೂ ರೂಪಿಸಲಾಯಿತು. ಗಾಳಿ ಬೆಳಕುಗಳಿಗೆ ಅವಕಾಶವಿತ್ತ ಅಗಲವಾದ ರಸ್ತೆಗಳು ಹೊಲಗಳ ಮೇಲೆ ಮೂಡಿದವು.

ಹೀಗೆ ನೆಲೆಗೊಂಡ ಬಡಾವಣೆ ಕ್ರಮೇಣ ಕನ್ನಡದ ವೈಚಾರಿಕ ಕೇಂದ್ರವಾಯಿತು. 1945ರಲ್ಲಿ ಡಿ.ವಿ.ಜಿ. ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಸಮೀಪದ ಗವಿಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ವಾಸಿಸಿದರು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು ಉಪಾಹಾರದೊಂದಿಗೆ ಸಾಹಿತ್ಯದ ಮಾತುಕತೆಗೂ ನೆಲೆಯಾಯಿತು.

ಇಂದು ಪರಿಷೆಗೆ ಕಡಲೆಕಾಯಿ ಬರುವುದು ಬಸವನಗುಡಿಯ ಹೊಲಗಳಿಂದಲ್ಲ; ಮಾಗಡಿ, ಕೋಲಾರದಂತಹ ಕಡೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ರೈತರು, ವ್ಯಾಪಾರಿಗಳು ಹೊತ್ತು ತರುತ್ತಾರೆ. ಬೆಳೆಯುವ ನೆಲ ಇಲ್ಲವಾದ ಮೇಲೂ ಅರ್ಪಣೆ ನಿಂತಿಲ್ಲ. ಆದ್ದರಿಂದ ಪರಿಷೆಯನ್ನು ಕೇವಲ ಪ್ರವಾಸಿ ಆಕರ್ಷಣೆಯೆಂದು ಬಗೆಯುವುದು ಅಪೂರ್ಣವಾದ ನೋಟ. ಶಾಸನಗಳಲ್ಲಿ ದಾಖಲಾಗದ ಹಳ್ಳಿಯ ಚರಿತ್ರೆಗೆ ಅದು ವರ್ಷಕ್ಕೊಮ್ಮೆ ತೆರೆದುಕೊಳ್ಳುವ ಆಕರ. ನಗರಾಧ್ಯಯನವು ಸಂಸ್ಥೆಗಳ, ಗಣ್ಯರ ಪಟ್ಟಿಗೆ ನಿಲ್ಲದೆ ಇಂತಹ ಆಕರಗಳತ್ತ ಹೊರಳಿದಾಗ ಮಾತ್ರ ಬಡಾವಣೆಯ ಕೆಳಗಿನ ಊರು ಕಾಣಿಸಿಕೊಳ್ಳುತ್ತದೆ.