ಮಾಸ್ಕ್‌ಗೆ ಹೋಗುವ ಮುನ್ನ

ಪುಟ್ಟೀ, ಮದುವೆಯ ವಾರ್ಷಿಕೋತ್ಸವಕ್ಕೆಂದು ಬೆಂಗಳೂರಿನಿಂದ ಮುಂಬಯಿಗೆ ಬಂದು ಮಹಾಲಕ್ಷ್ಮಿಯ ಮಾಸ್ಕ್ ರೆಸ್ಟೋರೆಂಟಿನಲ್ಲಿ ಊಟ ಮಾಡುವುದೆಂದು ನೀನೂ ಅಳಿಯನೂ ನಿಶ್ಚಯಿಸಿದ್ದೀರಂತೆ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು; ಹೇಳಿದಳು ಅನ್ನುವುದಕ್ಕಿಂತ ದೂರು ಕೊಟ್ಟಳು ಅನ್ನುವುದೇ ಸರಿ. "ಒಂದು ಊಟಕ್ಕೆ ಅಷ್ಟು ದುಡ್ಡಾ? ನೀನಾದರೂ ಸ್ವಲ್ಪ ಬುದ್ಧಿ ಹೇಳು ಅಣ್ಣ" ಎಂದಳು. ಹೋಗಬೇಡ ಎಂದು ನಾನು ಹೇಳುವುದಿಲ್ಲ ಮಾರಾಯ್ತಿ. ನೀವಿಬ್ಬರೂ ದುಡಿಯುವವರು, ದುಡ್ಡು ನಿಮ್ಮದು. ಆದರೆ ಹೋಗುವ ರೀತಿಯ ಬಗ್ಗೆ ಈ ಮಾವನಿಗೆ ಹೇಳಲಿಕ್ಕೆ ಒಂದಷ್ಟು ಉಂಟು.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಅಲ್ಲಿ ನೀವು ಏನು ತಿನ್ನಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಟೇಸ್ಟಿಂಗ್ ಮೆನು ಅಂದರೆ ಅಡುಗೆಯವರು ಮೊದಲೇ ಗೊತ್ತು ಮಾಡಿದ ಸುಮಾರು ಹತ್ತು ಸುತ್ತು, ಅವರು ಗೊತ್ತು ಮಾಡಿದ ಕ್ರಮ, ಅವರು ಗೊತ್ತು ಮಾಡಿದ ಪ್ರಮಾಣ. ನಮ್ಮ ಮದುವೆ ಮನೆಯ ಪಂಕ್ತಿಯಲ್ಲೂ ಏನು ಬೇಕೆಂದು ಯಾರೂ ಕೇಳುವುದಿಲ್ಲ. ಉಪ್ಪು, ಕೋಸಂಬರಿಯಿಂದ ಶುರುವಾಗಿ ಎಲ್ಲ ಅದರದರ ಸರದಿಯಲ್ಲಿ ಬರುತ್ತದೆ. ಆದರೆ ಪಂಕ್ತಿಯಲ್ಲಿ ನಮಗೊಂದು ಅಧಿಕಾರ ಉಂಟು. ಸಾರು ಹಿಡಿಸಿದರೆ ಕೈಯೊಡ್ಡಿ ಇನ್ನೊಂದು ಸೌಟು ಹಾಕಿಸಿಕೊಳ್ಳಬಹುದು, ಬೇಡವಾದದ್ದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬಹುದು. ಇಲ್ಲಿ ಅದೂ ಇಲ್ಲ. ನಾಲ್ಕನೇ ಸುತ್ತಿನ ಆ ಒಂದು ತುತ್ತು ಬಾಯಲ್ಲಿ ಕರಗಿ "ಅಯ್ಯೋ, ಇನ್ನೊಂದು ಇದ್ದಿದ್ದರೆ" ಅನಿಸುವಷ್ಟರಲ್ಲಿ ತಟ್ಟೆ ಹೋಗಿರುತ್ತದೆ. ಹಾಗೆ ಅನಿಸಲಿ ಎಂದೇ ಅವರು ಒಂದು ತುತ್ತು ಕೊಟ್ಟಿರುವುದು.

ಈ ಒಪ್ಪಿಸಿಬಿಡುವ ಕೆಲಸ ನಿನಗೆ ಕಷ್ಟವಾಗಲಿಕ್ಕಿಲ್ಲ, ಅಳಿಯನಿಗೆ ಆಗಬಹುದು. ಒಳ್ಳೆಯ ಹುಡುಗನೇ, ಆದರೆ ಹೋಟೆಲಿಗೆ ಕಾಲಿಟ್ಟ ಕೂಡಲೇ ಪರೀಕ್ಷೆಯ ಮೇಷ್ಟ್ರಾಗುತ್ತಾನೆ: ಇದಕ್ಕೆ ಉಪ್ಪು ಸಾಲದು, ಅದಕ್ಕೆ ಇಷ್ಟು ಬೆಲೆಯಾ, ನಮ್ಮ ಹಾಸನದಲ್ಲಿ ಇದೇ ಐವತ್ತು ರೂಪಾಯಿಗೆ ಸಿಗುತ್ತದೆ. ಆ ಲೆಕ್ಕವನ್ನು ಆ ಒಂದು ಸಂಜೆಯ ಮಟ್ಟಿಗೆ ಬದಿಗಿಡಲು ಹೇಳು. ಹಾಗೆಂದು ದೇವಸ್ಥಾನಕ್ಕೆ ಹೋದವರ ಹಾಗೆ ಬಂದದ್ದಕ್ಕೆಲ್ಲ ಕೈಮುಗಿಯಲೂ ಬೇಡಿ. 2022 ಮತ್ತು 2023ರಲ್ಲಿ ಏಷ್ಯಾದ ಐವತ್ತು ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಭಾರತದ ಮಟ್ಟಿಗೆ ಮೊದಲು ಬಂದ ಜಾಗ ಅದು. 2023ರಲ್ಲಿ 16ನೇ ಸ್ಥಾನ. ಆದರೆ ಪಟ್ಟಿ ಮಾಡಿದವರ ನಾಲಿಗೆ ಅವರದು, ನಿನ್ನ ನಾಲಿಗೆ ನಿನ್ನದು. ಹತ್ತರಲ್ಲಿ ಎರಡು ಹಿಡಿಸದಿದ್ದರೆ ಹಿಡಿಸಲಿಲ್ಲ, ಅಷ್ಟೆ. ಮೇಜಿನ ಹತ್ತಿರ ಬಂದು ಕೇಳಿದಾಗ ಸೌಜನ್ಯದಿಂದ ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳ್ಳೆಯ ಅಡುಗೆಯವರಿಗೆ "ಸೂಪರ್" ಎಂಬ ಮಾತಿಗಿಂತ "ಹುಳಿ ಸ್ವಲ್ಪ ಮುಂದೆ ಬಂತು" ಎಂಬ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಪ್ಪಿಸಿಬಿಡುವ ಮೊದಲು ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಅಳಿಯನಿಗೆ ಸಿಗಡಿ ಆಗುವುದಿಲ್ಲ ಅಲ್ವಾ? ಅದನ್ನು ಟೇಬಲ್ ಕಾಯ್ದಿರಿಸುವಾಗಲೇ ಬರೆದು ತಿಳಿಸು. ಅಲ್ಲಿಗೆ ಹೋಗಿ ಕೂತ ಮೇಲೆ ಹೇಳಿದರೆ, ಎರಡು ದಿನ ಮೊದಲೇ ಶುರುವಾದ ತಯಾರಿಯನ್ನು ಅವರು ಆ ಗಳಿಗೆಯಲ್ಲಿ ಬದಲಿಸುವುದು ಹೇಗೆ? ಸಿಗಡಿ ಕಣ್ಣಿಗೆ ಕಾಣದಿದ್ದರೂ ಅದರ ಚಿಪ್ಪು ಕುದಿಸಿದ ರಸ ಯಾವುದೋ ಸಾರಿನಲ್ಲಿರಬಹುದು. "ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ" ಎಂಬ ಧೈರ್ಯ ಬೇಡ; ಮೈಮೇಲೆ ದದ್ದು ಏಳುತ್ತದೆ ಎಂದೇ ಬರೆ. ನೀನು ಸಸ್ಯಾಹಾರಿ ಮೆನು ತೆಗೆದುಕೊಳ್ಳುವುದಾದರೆ ಅದನ್ನೂ ತಿಳಿಸು. ಆಗದ್ದು ಬೇರೆ, ಇಷ್ಟವಿಲ್ಲದ್ದು ಬೇರೆ. ಹಾಗಲಕಾಯಿ ಕಂಡರೆ ನಿನಗಾಗದು ಎಂದು ನನಗೆ ಗೊತ್ತು. ಅದನ್ನು ಮಾತ್ರ ಬರೆಯಬೇಡ. ಅವರ ಕೈಯ ಹಾಗಲಕಾಯಿ ಹೇಗಿರುತ್ತದೋ ನೋಡು.

ಮಧ್ಯಾಹ್ನ ಉಪವಾಸ ಕೂರಬೇಡಿ. ರಾತ್ರಿ ಗಡದ್ದಾಗಿ ತಿನ್ನಬೇಕೆಂದು ಖಾಲಿ ಹೊಟ್ಟೆಯಲ್ಲಿ ಹೋದರೆ ಮೊದಲ ಮೂರು ಸುತ್ತನ್ನು ರುಚಿ ನೋಡದೆ ನುಂಗುತ್ತೀರಿ. ಒಂದು ಗಂಟೆಗೆ ಮೊಸರನ್ನವೋ ಏನೋ ಹಗುರಾಗಿ ತಿನ್ನಿ. ನಾಲ್ಕು ಗಂಟೆಗೆ ಬಜ್ಜಿ, ವಡಾಪಾವ್ ಎಂದು ಬಾಯಾಡಿಸಬೇಡಿ. ಮಧ್ಯದಲ್ಲಿ ಬ್ರೆಡ್ಡು, ಬೆಣ್ಣೆ ಬಂದರೆ ಅಲ್ಲೊಂದು ಗುಂಡಿ ಉಂಟೆಂದು ತಿಳಿ. ರುಚಿಯಾಗಿರುತ್ತದೆ ಎಂದು ಪೂರ್ತಿ ತಿಂದವರು ಏಳನೇ ಸುತ್ತಿಗೆ ಬೆಲ್ಟ್ ಸಡಿಲಿಸುತ್ತಾರೆ. ಪುಟ್ಟ ಪುಟ್ಟ ತಟ್ಟೆ ನೋಡಿ ಹೊಟ್ಟೆ ತುಂಬೀತೇ ಎಂದು ಅಮ್ಮನಿಗೆ ಸಂಶಯ. ಮೂರು ಗಂಟೆ ಕಾಲ ಸ್ವಲ್ಪ ಸ್ವಲ್ಪವೇ ತಿಂದದ್ದು ಎಷ್ಟಾಗುತ್ತದೆ ಎಂದು ಅವಳಿಗೇನು ಗೊತ್ತು!

ಘಾಟು ಸೆಂಟು ಹಾಕಬೇಡ. ನಿನ್ನ ಮೂಗಿಗೂ ಪಕ್ಕದ ಮೇಜಿನವರ ಮೂಗಿಗೂ ಆ ಸಂಜೆ ಬೇರೆ ಕೆಲಸ ಇರುತ್ತದೆ. ಸೀರೆಯೋ ಚೂಡಿದಾರವೋ ನಿನ್ನ ಇಷ್ಟ, ಎಸಿಗೆ ಒಂದು ಶಾಲು ಇರಲಿ.

ಇನ್ನು ಋತುಮಾನದ ವಿಷಯ. ಇಂಥ ಜಾಗಗಳಲ್ಲಿ ಮೆನು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತದೆ. ಕಳೆದ ವರ್ಷ ಗೆಳತಿ ಹೋಗಿ ಫೋಟೊ ಹಾಕಿದ್ದನ್ನು ನೋಡಿ ಅದೇ ಸಿಗುತ್ತದೆಂದು ಹೋಗಬೇಡ. ನೀವು ಬರುವುದು ಜುಲೈಯಲ್ಲಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಅದು ಮೀನು ಮೊಟ್ಟೆಯಿಡುವ ಕಾಲ. ಆಗ ಸಮುದ್ರದ ದೊಡ್ಡ ಮೀನು ತಟ್ಟೆಯಲ್ಲಿ ಕಂಡರೆ ಎಲ್ಲಿಂದ ಬಂತೆಂದು ಕೇಳು, ಕಾಣದಿದ್ದರೆ ಸಂತೋಷಪಡು. ಮಳೆಗಾಲವೆಂದರೆ ಕಳಲೆ, ಕೆಸು, ಅಣಬೆ, ಕಾಡುಸೊಪ್ಪುಗಳ ಕಾಲ. ಘಟ್ಟದ ಈ ಬದಿಯೂ ಆ ಬದಿಯೂ ಒಂದೇ ಮಳೆ, ಸಹ್ಯಾದ್ರಿಯ ಆದಿವಾಸಿ ಹೆಂಗಸರು ಈ ಸೊಪ್ಪುಗಳನ್ನು ಮುಂಬಯಿಯ ಸ್ಟೇಷನ್ನುಗಳ ಹೊರಗೆ ಸೂಡಿ ಕಟ್ಟಿ ಮಾರುತ್ತಾರೆ. ಪತ್ರೊಡೆ ತಿಂದು ಬೆಳೆದ ನಿನಗೆ ಕೆಸುವಿನ ಎಲೆ ಗಂಟಲು ಕೆರೆಯದಂತೆ ಹುಳಿ ಯಾಕೆ ಹಾಕುತ್ತಾರೆ ಎಂದು ಗೊತ್ತು. ಅಲ್ಲಿ ಯಾವ ಹುಳಿ ಹಾಕಿದರು ಎಂದು ಕೇಳಿದರೆ ಮಾತು ಬೆಳೆಯುತ್ತದೆ.

ಹುಳಿ ಅಂದಾಗ ನೆನಪಾಯಿತು. ಲಡಾಖಿನಲ್ಲಿ ಸೀಬಕ್‌ಥಾರ್ನ್ ಎಂಬ ಕಿತ್ತಳೆ ಬಣ್ಣದ, ಹಲ್ಲು ಜುಮ್ಮೆನಿಸುವ ಸಣ್ಣ ಹಣ್ಣು ಆಗುತ್ತದೆ. ಮಾಸ್ಕ್‌ನ ಹೆಸರು ಮೊದಮೊದಲು ಹಬ್ಬಿದಾಗ ಜೊತೆಗೆ ಓಡಾಡಿದ ಹೆಸರು ಅದರದು. ಅದಿತಿ ದುಗರ್ 2016ರಲ್ಲಿ ಈ ರೆಸ್ಟೋರೆಂಟು ತೆರೆದಾಗ ಅಡುಗೆಮನೆಯ ಹೊಣೆ ಹೊತ್ತವರು ಪ್ರತೀಕ್ ಸಾಧು ಎಂಬ ಕಾಶ್ಮೀರಿ. ಬಾಣಸಿಗರೇ ಬೆಟ್ಟ ಹತ್ತಿ ರೈತರನ್ನೂ ಕಾಡಿನಲ್ಲಿ ಹೆಕ್ಕುವವರನ್ನೂ ಹುಡುಕಿ ಸಾಮಾನು ತರುವುದು ಅವರ ರೀತಿ. 2022ರಲ್ಲಿ ಅವರು ಬಿಟ್ಟ ಮೇಲೆ ವರುಣ್ ತೋತ್ಲಾನಿ ನೋಡಿಕೊಳ್ಳುತ್ತಿದ್ದಾರೆ. ಫ್ರೆಂಚ್ ಸಾಸಿನ ಹೆಸರು ಹೇಳಿ ದುಡ್ಡು ಕೇಳುತ್ತಿದ್ದ ಕಾಲ ಹೋಗಿ, ನಮ್ಮ ಬೆಟ್ಟದ ಹಣ್ಣಿನ ಹೆಸರು ಹೇಳಿ ದುಡ್ಡು ಕೇಳುವ ಕಾಲ ಬಂದಿದೆಯಲ್ಲ, ಅದು ನನಗೆ ಖುಷಿಯೇ. ಬೆಟ್ಟದವರಿಗೆ ಅದರಲ್ಲಿ ಎಷ್ಟು ಸೇರುತ್ತದೆ ಎಂದು ಕೇಳುವ ಹಕ್ಕೂ ತಿನ್ನುವವರಿಗೆ ಉಂಟು.

ಈಗ ಆ ಕಟ್ಟಡಕ್ಕೆ ಬರುತ್ತೇನೆ. ನಾನು ಇಷ್ಟುದ್ದ ಹೇಳಲು ಕೂತದ್ದೇ ಅದಕ್ಕೆ. ವಿಳಾಸ ನೋಡಿದ್ದೀಯಲ್ಲ: ಶ್ರೀ ಲಕ್ಷ್ಮೀ ವುಲನ್ ಮಿಲ್ಸ್, ಶಕ್ತಿ ಮಿಲ್ಸ್ ಗಲ್ಲಿ. ಅದು ಉಣ್ಣೆ ಗಿರಣಿಯ ಜಾಗ. ಸುತ್ತ ಪರೇಲ್, ಲಾಲ್‌ಬಾಗ್, ವರ್ಲಿಯಲ್ಲೆಲ್ಲ ಹತ್ತಿ ಗಿರಣಿಗಳಿದ್ದವು. ಇಡೀ ಪ್ರದೇಶಕ್ಕೆ ಗಿರಣ್‌ಗಾಂವ್ ಎಂದೇ ಹೆಸರು. ಹಳೆ ಕಾರ್ಖಾನೆಯಲ್ಲಿ ಹೋಟೆಲು ಇಡುವುದು ಈಗ ಲೋಕದ ಎಲ್ಲೆಡೆಯ ರೂಢಿ. ಕೋಪನ್‌ಹೇಗನ್ನಿನ ನೋಮಾ ರೆಸ್ಟೋರೆಂಟು 2003ರಲ್ಲಿ ಶುರುವಾದದ್ದೂ ಬಂದರಿನ ಬದಿಯ 18ನೇ ಶತಮಾನದ ಗೋದಾಮಿನಲ್ಲಿ. ಎತ್ತರದ ಮಾಡು, ನಡುವೆ ಕಂಬಗಳ ಕಾಟವಿಲ್ಲದ ಅಗಲ, ದೊಡ್ಡ ಅಡುಗೆಮನೆಗೆ ಬೇಕಾದಷ್ಟು ಜಾಗ. ಯಂತ್ರಗಳಿಗೆಂದು ಕಟ್ಟಿದ್ದು ಒಲೆಗಳಿಗೂ ಒದಗುತ್ತದೆ. ಒಂದೇ ತೊಂದರೆ, ಇಂಥ ಹಾಲುಗಳಲ್ಲಿ ಸದ್ದು ಮಾರ್ದನಿಸುತ್ತದೆ. ಗೋಡೆಯ ಬದಿಯ ಮೇಜು ಕೇಳಿಕೊಳ್ಳಿ, ಇಲ್ಲದಿದ್ದರೆ ವಾರ್ಷಿಕೋತ್ಸವದ ಮಾತನ್ನು ಕೂಗಿ ಆಡಬೇಕಾದೀತು.

ನಿನ್ನ ಅಜ್ಜ ಊರು ಬಿಟ್ಟು ಬಂದು ಪರೇಲಿನ ಹೋಟೆಲಿನಲ್ಲಿ ಟೇಬಲ್ ಒರೆಸಿದವರು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಕಲಿತವರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಥೆ ಇದು. ಅಪ್ಪ ಹೇಳುತ್ತಿದ್ದರು: ಗಿರಣಿಯ ಭೋಂಗಾ ಕೂಗಿದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ, ಹತ್ತು ನಿಮಿಷದಲ್ಲಿ ರೈಸ್ ಪ್ಲೇಟ್ ಖಾಲಿ, ಮತ್ತೆ ಎಲ್ಲರೂ ಪಾಳಿಗೆ ಓಟ. ಹೆಂಡತಿ ಮಕ್ಕಳನ್ನು ಕೊಂಕಣದಲ್ಲಿ ಬಿಟ್ಟು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಅನ್ನ ಹಾಕುತ್ತಿದ್ದವರು ಚಾಳಿನ ಖಾನಾವಳಿ ಹೆಂಗಸರು. ಒಂದೊಂದು ಖೋಲಿಯಲ್ಲಿ ಒಂದೊಂದು ಒಲೆ, ಬಡ್ಡಿಯವನ ಕಾಟ ಬೇರೆ. ಪ್ರೇಮಾ ಪುರವ ಎಂಬವರು ಈ ಹೆಂಗಸರನ್ನು ಒಟ್ಟುಮಾಡಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಕೊಡಿಸಿದ್ದು 1975ರ ಹೊತ್ತಿಗೆ. ನಾನು ಬ್ಯಾಂಕಿಗೆ ಸೇರಿದ ಕಾಲಕ್ಕೂ ಆ ಸಾಲಗಳ ಮಾತು ನಮ್ಮಲ್ಲಿ ಬರುತ್ತಿತ್ತು, ಕಂತು ತಪ್ಪದವರು ಎಂದು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಹತ್ತಿ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ. ಗಿರಣಿಗಳೇ ಒಂದೊಂದಾಗಿ ಮುಗಿದವು. ಖಾನಾವಳಿಗಳ ಒಲೆಯೂ ಆರಿತು, ಹೋಟೆಲುಗಳ ಉದ್ರಿ ಪುಸ್ತಕ ಹಾಗೇ ಉಳಿಯಿತು. ಫೀನಿಕ್ಸ್ ಮಿಲ್ಲು ಮಾಲ್ ಆಯಿತು, ಕಮಲಾ ಮಿಲ್ಸ್ ಆಫೀಸು, ಪಬ್ಬುಗಳ ಪೇಟೆಯಾಯಿತು. ಇದನ್ನೆಲ್ಲ ಹೇಳುತ್ತಿರುವುದು ನಿನಗೆ ಅಲ್ಲಿ ಅನ್ನ ಗಂಟಲಲ್ಲಿ ಇಳಿಯದಿರಲಿ ಎಂದಲ್ಲ. ಹೊಟ್ಟೆ ತುಂಬ ತಿನ್ನು, ನಗುತ್ತ ತಿನ್ನು. ಆದರೆ ಫೋಟೊದ ಕೆಳಗೆ "ಇಂಡಸ್ಟ್ರಿಯಲ್ ಲುಕ್" ಎಂದಷ್ಟೇ ಬರೆದು ಮುಗಿಸಬೇಡ. ಸಾಯಂಕಾಲ ಅರ್ಧ ಗಂಟೆ ಮೊದಲೇ ಬಂದು ಆ ಗಲ್ಲಿಯಲ್ಲಿ ಒಂದು ಸುತ್ತು ನಡೆಯಿರಿ. ಮಳೆ ಬಂದರೆ ಕೊಡೆ ಹಿಡಿಯಿರಿ.

ಕಮಲಾ ಮಿಲ್ಸ್ ಎಂದ ಮೇಲೆ ಇನ್ನೊಂದು ಮಾತು ಹೇಳದೆ ಬಿಡಲಾರೆ. 2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಆ ಆವರಣದ ತಾರಸಿ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಅಲ್ಲಿಂದೀಚೆಗೆ ಎಷ್ಟೇ ದೊಡ್ಡ ಹೋಟೆಲಾಗಲಿ, ಕೂರುವ ಮೊದಲು ಹೊರಗೆ ಹೋಗುವ ಇನ್ನೊಂದು ಬಾಗಿಲು ಎಲ್ಲುಂಟು ಎಂದು ನೋಡಿಕೊಳ್ಳುವುದು ನನ್ನ ಅಭ್ಯಾಸ. ನಿನ್ನ ಅತ್ತೆ ನಗುತ್ತಾಳೆ. ನಗಲಿ, ನೀನೂ ನೋಡಿಕೋ.

ಊಟದ ನಡುವೆ ಅಡುಗೆಮನೆಗೆ ಕರೆದೊಯ್ದು ಒಂದು ಸುತ್ತನ್ನು ಅಲ್ಲೇ ನಿಂತು ತಿನ್ನಿಸುವ ಕ್ರಮ ಇಂಥ ಕಡೆ ಉಂಟು. ಕರೆದರೆ ನಾಚಬೇಡಿ. ಅಲ್ಲಿ ತಟ್ಟೆಗೆ ಇಕ್ಕಳದಿಂದ ಸೊಪ್ಪಿನ ಎಸಳು ಇಡುತ್ತ ನಿಂತ ಹುಡುಗ ಮಣಿಪಾಲದ ಹೋಟೆಲ್ ಕಾಲೇಜಿನವನಾದರೂ ಆಶ್ಚರ್ಯವಿಲ್ಲ. ತುಳುವಿನಲ್ಲಿ ಮಾತಾಡಿಸಿ ನೋಡು. ಪ್ರತಿ ತಟ್ಟೆಯ ಜೊತೆ ಬಂದವರು ಇಂಗ್ಲಿಷಿನಲ್ಲಿ ಗಡಗಡ ವಿವರಣೆ ಕೊಡುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಆ ವಿವರಣೆಯೂ ದುಡ್ಡಿನಲ್ಲಿ ಸೇರಿದ್ದೇ. ಫೋಟೊ ತೆಗೆ, ಆದರೆ ಒಂದೇ ತೆಗೆ. ಬಿಸಿಯದ್ದು ಆರುತ್ತದೆ, ಗರಿಗರಿಯದ್ದು ಮೆತ್ತಗಾಗುತ್ತದೆ. ಎರಡನೇ ಫೋಟೊದ ಹೊತ್ತಿಗೆ ಅವರು ಮಾಡಿಕೊಟ್ಟದ್ದು ಬೇರೆ, ನೀನು ತಿನ್ನುವುದು ಬೇರೆ. ಕೈಯಲ್ಲಿ ತಿನ್ನುವಂಥದ್ದನ್ನು ಕೈಯಲ್ಲೇ ತಿನ್ನು, ಅತ್ತಿತ್ತ ನೋಡಬೇಕಾದ್ದಿಲ್ಲ.

ಕುಡಿಯುವುದರ ಬಗ್ಗೆ ಮಾವನಾದವನು ಹೆಚ್ಚು ಹೇಳಬಾರದು. ಪ್ರತಿ ಸುತ್ತಿಗೂ ಹೊಂದಿಸಿ ಗ್ಲಾಸು ಗ್ಲಾಸಾಗಿ ಕೊಡುವ ಏರ್ಪಾಡಿದ್ದರೆ ಅದು ಊಟದ ದುಡ್ಡಿನ ಮೇಲೆ ಬೇರೆ. ಮದ್ಯವಿಲ್ಲದ ಪಾನೀಯಗಳದ್ದೂ ಇರುತ್ತದೆ, ಕೇಳಿ ನೋಡಿ. ಇಬ್ಬರಲ್ಲಿ ಒಬ್ಬರು ಅದನ್ನು, ಒಬ್ಬರು ಇದನ್ನು ತೆಗೆದುಕೊಂಡರೆ ಎರಡರ ರುಚಿಯೂ ಸಿಕ್ಕಿತು.

ಕೊನೆಗೆ ಬಿಲ್ಲು. ಇಂಥ ಜಾಗಗಳಲ್ಲಿ ಕಾಯ್ದಿರಿಸುವಾಗಲೇ ಮುಂಗಡ ತೆಗೆದುಕೊಳ್ಳುವುದು ಸಾಮಾನ್ಯ. ರದ್ದು ಮಾಡಿದರೆ ಎಷ್ಟು ದಿನ ಮೊದಲು ತಿಳಿಸಬೇಕೆಂದು ಓದಿಕೋ. ಎರಡು ಕುರ್ಚಿ ಖಾಲಿ ಬಿದ್ದರೆ ಅಂದಿನ ಸಾಮಾನು ಅವರಿಗೆ ದಂಡ, ಆದ್ದರಿಂದ ಆ ಕಟ್ಟುನಿಟ್ಟನ್ನು ನಾನು ತಪ್ಪೆನ್ನಲಾರೆ. ಲಾಡ್ಜಿಂಗ್ ಇಲ್ಲದ ಬರೀ ರೆಸ್ಟೋರೆಂಟಿನ ಊಟಕ್ಕೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ, ಮದ್ಯಕ್ಕೆ ರಾಜ್ಯದ ತೆರಿಗೆ ಬೇರೆ. ಸರ್ವಿಸ್ ಚಾರ್ಜ್ ಎಂದು ಯಾವ ಹೋಟೆಲಿನ ಬಿಲ್ಲಿನಲ್ಲಿ ಕಂಡರೂ ಅದನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಬೇಡವೆಂದರೆ ತೆಗೆಸಬಹುದು. ತೆಗೆಸಿದರೆ ಆ ದುಡ್ಡನ್ನು ಜೇಬಿಗೆ ಹಾಕಿಕೊಂಡು ಎದ್ದು ಬರಬೇಡಿ. ಮೂರು ಗಂಟೆ ನಿಂತುಕೊಂಡೇ ನಿಮ್ಮ ಮೇಜು ನೋಡಿಕೊಂಡವರ ಕೈಗೆ ನೇರ ಕೊಡಿ. ಮುಂಬಯಿಯಲ್ಲಿ ಟೇಬಲ್ ಒರೆಸಿದವರ ಮೊಮ್ಮಗಳು ನೀನು, ಅಲ್ಲಿ ಚೌಕಾಸಿ ಬೇಡ.